ಇಪ್ಪತ್ತು ಶಬ್ದಗಳಲ್ಲಿ ನಾನು ಪದವೀಧರೆಯಾದದ್ದು

ಪರ್ಕಳದ ನಮ್ಮ ಮನೆಯ ಎರಡು ಕೋಣೆಗಳಲ್ಲಿ ಮಣಿಪಾಲಕ್ಕೆ ಓದಲು ಬಂದ ಹುಡುಗಿಯರು ಬಾಡಿಗೆಗಿದ್ದಾರೆ. ಅವರೊಡನೆ ನಾಲ್ಕು ಮಾತಾಡಬೇಕೆಂದು ಐವತ್ತೆರಡನೇ ವಯಸ್ಸಿನಲ್ಲಿ ನಾನು ಜೆಸಿಂತಾ ಟೀಚರ್ ನಡೆಸುವ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಮೂರು ತಿಂಗಳು ಸಾಕು ಎಂಬುದು ನನ್ನ ಅಂದಾಜು. ಭಾಷೆ ಎಂದರೆ ಶಬ್ದಗಳೇ ತಾನೇ?

ಮೊದಲ ಪಾಠ ‘ನನ್ನ ಶಾಲಾ ದಿನಗಳು’. ಟೀಚರ್ ಇಪ್ಪತ್ತು ಶಬ್ದ ಬರೆಸಿ, ಎಲ್ಲವನ್ನೂ ಬಳಸಿ ನಮ್ಮ ಬಗ್ಗೆ ಹೇಳಬೇಕೆಂದರು. ಪ್ರಿನ್ಸಿಪಾಲ್, ಹಾಸ್ಟೆಲ್, ಸ್ಕಾಲರ್‌ಶಿಪ್, ಗ್ರಾಜುಯೇಶನ್. ನಾನೋ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು. ಆ ಪಟ್ಟಿಯಲ್ಲಿ ಶಾಲೆ ಬಿಟ್ಟವರಿಗೆ ಶಬ್ದವೇ ಇರಲಿಲ್ಲ. ಒಂದನ್ನೂ ಬಿಡಬಾರದೆಂಬ ಹಟಕ್ಕೆ ಹಾಸ್ಟೆಲಿನಲ್ಲಿ ಉಳಿದೆ, ಸ್ಕಾಲರ್‌ಶಿಪ್ ಪಡೆದೆ, ಗ್ರಾಜುಯೇಶನ್ನೂ ಮುಗಿಸಿದೆ. ಐದೇ ನಿಮಿಷದಲ್ಲಿ! ಎಲ್ಲರೂ ಚಪ್ಪಾಳೆ ತಟ್ಟಿದರು. ಅದು ಹಿತವಾಯಿತು, ಸುಳ್ಳು ಹೇಳಲಾರೆ.

“ಸುಮತಿಯಕ್ಕ, ನೀವು ಇಷ್ಟು ಓದಿದ್ದು ಗೊತ್ತೇ ಇರಲಿಲ್ಲ,” ಎಂದರು ಟೀಚರ್. “ಹುಡುಗಿಯರು ಶಾಲೆ ಬಿಡಬಾರದು ಅಂತ ಶಿರ್ವದ ಹತ್ತಿರ ಒಂದು ಶಾಲೆಯಲ್ಲಿ ಅವೇರ್‌ನೆಸ್ ಪ್ರೋಗ್ರಾಮ್ ಉಂಟು. ನೀವೇ ಮಾತಾಡಬೇಕು.”

ಅವೇರ್‌ನೆಸ್ ಎಂಬುದು ಪಟ್ಟಿಯ ಹತ್ತೊಂಬತ್ತನೇ ಶಬ್ದ. ಅರ್ಥ, ಎಚ್ಚರ. ನನಗೆ ಅದು ಬಂದದ್ದು ಹೂಂ ಎಂದ ಮೇಲೆ.

“ಈಗಲೇ ಫೋನ್ ಮಾಡಿ ನಿಜ ಹೇಳು ಮಾರಾಯ್ತಿ,” ಎಂದರು ಮನೆಯಲ್ಲಿ ವಿಷಯ ಕೇಳಿದ ನಮ್ಮವರು.

“ನಾಳೆ ಹೇಳ್ತೇನೆ,” ಎಂದೆ. ಅಂಥ ಹತ್ತು ನಾಳೆಗಳು ಕಳೆದುಹೋದವು.

ವೇದಿಕೆಯಲ್ಲಿ ಟೀಚರ್ ನನ್ನ ಪರಿಚಯ ಮಾಡುತ್ತ ಸ್ಕಾಲರ್‌ಶಿಪ್ಪನ್ನೂ ಬಿಡಲಿಲ್ಲ. ಎದುರಿಗೆ ಎಂಟನೇ ಕ್ಲಾಸಿನ ಹುಡುಗಿಯರು ಕೂತಿದ್ದರು. ಆ ವಯಸ್ಸಿನಲ್ಲಿ ನನ್ನ ಮಡಿಲಲ್ಲಿ ಬೀಡಿ ಎಲೆಯ ಮೊರ ಇತ್ತು. ಆ ಮುಖಗಳಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ.

“ಮಕ್ಕಳೇ, ನಾನು ಎಂಟಕ್ಕೇ ಶಾಲೆ ಬಿಟ್ಟು ಬೀಡಿ ಕಟ್ಟಿದವಳು,” ಎಂದು ಕನ್ನಡದಲ್ಲೇ ಹೇಳಿಬಿಟ್ಟೆ. “ಈಗಲೂ ಬೇಜಾರುಂಟು. ನೀವು ಬಿಡಬೇಡಿ.”

ಮುಖ್ಯೋಪಾಧ್ಯಾಯಿನಿ ಕಣ್ಣೊರೆಸಿಕೊಂಡು ಮೈಕ್ ಹಿಡಿದರು.

“ನೋಡಿ ಮಕ್ಕಳೇ, ಇದು ವಿನಯ. ಇಷ್ಟು ಓದಿದವರು, ನಿಮಗೆ ಹತ್ತಿರ ಆಗ್ಲಿಕ್ಕೆ ಓದಿಲ್ಲ ಅಂತ ಹೇಳ್ತಾರೆ.”

“ಅಲ್ಲ ಮೇಡಂ, ನಿಜವಾಗಿ,” ಎಂದೆ. ಆಗಲೇ ಶುರುವಾಗಿದ್ದ ಚಪ್ಪಾಳೆ ಇನ್ನೂ ಜೋರಾಯಿತು.

ಗ್ರಾಜುಯೇಟ್ ಎಂದಾಗ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ. ಈಗ, ಓದಿಲ್ಲ ಎಂದು ತೋರಿಸೋಣವೆಂದರೆ ನನ್ನ ಬಳಿ ಒಂದು ಸರ್ಟಿಫಿಕೇಟೂ ಇಲ್ಲ.