ತಲೆದೂಗಿದ ಮೇಷ್ಟ್ರು

ಭಾಸ್ಕರನ ಕಷ್ಟಕ್ಕೆಲ್ಲ ಮೂಲ ಅವನ ಕುತ್ತಿಗೆ. ಹೂಂ ಎನ್ನಬೇಕಾದಲ್ಲೆಲ್ಲ ಅದು ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿಬಿಡುತ್ತಿತ್ತು. ಮೈಸೂರಿನಲ್ಲಿ ಮೂವತ್ತು ವರ್ಷ ಇದಕ್ಕೆ ಯಾರ ತಕರಾರೂ ಇರಲಿಲ್ಲ. ಅಲ್ಲಿ ಎಲ್ಲರ ತಲೆಯೂ ಹಾಗೇ ತೂಗುತ್ತದೆ. ತಾಪತ್ರಯ ಶುರುವಾದದ್ದು ಸಿಡ್ನಿಯಲ್ಲಿ, 2003ರ ಒಂದು ಗುರುವಾರ.

ಖಾಯಂ ವಾಸದ ಪಿಆರ್ ವೀಸಾ ಹಿಡಿದು ಬಂದು ಎಂಟು ತಿಂಗಳಾಗಿತ್ತು. ಐದನ್ನು ಮೆಲ್ಬರ್ನ್ ನುಂಗಿತ್ತು, ಮೂರನ್ನು ಸಿಡ್ನಿಯ ವೆಸ್ಟ್‌ಮೀಡ್. ಎಲ್ಲ ಕಂಪನಿಗಳದೂ ಒಂದೇ ರಾಗ: ಈ ದೇಶದಲ್ಲಿ ನಿಮ್ಮನ್ನು ಬಲ್ಲವರು ಯಾರು? ಕೊನೆಗೆ ಚಾಟ್ಸ್‌ವುಡ್‌ನ ನೌಕರಿ ಏಜೆಂಟನೊಬ್ಬ ಪ್ರೋಗ್ರಾಮರ್ ಕೆಲಸಕ್ಕೆ ಇವನ ಹೆಸರು ಕಳಿಸಲು ಒಪ್ಪಿದ್ದ. ಆದರೆ ಸ್ಥಳೀಯರೊಬ್ಬರ ಶಿಫಾರಸು ಪತ್ರ ಇವತ್ತು ನಾಲ್ಕರೊಳಗೆ ಅವನ ಮೇಜಿನ ಮೇಲಿರಬೇಕು. ಅತ್ತ ಮೈಸೂರಿನ ಮಾವನವರು, ಕೆಲಸ ಸಿಗುವ ತನಕ ಮಗಳನ್ನು ಕಳಿಸುವುದಿಲ್ಲವೆಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ಹೆಂಡತಿ ಭಾಗೀರಥಿಯಿಲ್ಲದೆ ಭಾಸ್ಕರ ನಿಜಕ್ಕೂ ಸೊರಗಿದ್ದ.

ಪಕ್ಕದ ಫ್ಲ್ಯಾಟಿನ ಡೊರೊಥಿ ಆಂಟಿಗೆ ಇದೆಲ್ಲ ಗೊತ್ತಿತ್ತು. ಆ ಕಟ್ಟಡದಲ್ಲಿ ಈ ಮಂಗಳೂರಿನ ಹೆಂಗಸಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

"ಎಂತ ಮಾರಾಯ, ಸುಟ್ಟ ಬದನೆಕಾಯಿ ಹಾಗೆ ಮುಖ ಮಾಡಿಕೊಂಡು ಕೂತದ್ದು? ನಮ್ಮ ಯಜಮಾನರು ವ್ಯಾಲೆಂಟೈನಿಗೆ ಸೊಂಟ ಹಿಡಿದಿದೆ. ಚರ್ಚ್ ಹಾಲಿನಲ್ಲಿ ಅವರ ಇಂಗ್ಲಿಷ್ ಕ್ಲಾಸ್ ಉಂಟಲ್ಲ, ಇವತ್ತು ನೀನು ತಗೋ. ಚಿಲಿ, ಕೊಲಂಬಿಯಾದವರು, ಸ್ಪ್ಯಾನಿಷ್ ಬಿಟ್ಟು ಎಂತದೂ ಬರೋದಿಲ್ಲ. ಒಂದು ಗಂಟೆಗೆ ಕ್ಲಾಸ್ ನಡೆಸುವ ಆಫೀಸಿನ ಹೊಸ ಮೇಡಂ ನೋಡ್ಲಿಕ್ಕೆ ಬರ್ತಾರೆ, ಅವರ ಹತ್ರ ಲೆಟರ್ ಬರೆಸಿಕೋ."

"ಆಂಟೀ, ನಂಗೆ ಸ್ಪ್ಯಾನಿಷ್ ಬರಲ್ವಲ್ಲ!"

"ನಮ್ಮವರಿಗೆ ಬರ್ತದಾ? ಆ್ಯಮ್, ಈಸ್, ಆರ್ ಹೇಳಿಕೊಡ್ಲಿಕ್ಕೆ ಎಂತ ಸ್ಪ್ಯಾನಿಷ್? ಹೋಗು ಹೋಗು."

ಹನ್ನೊಂದಕ್ಕೆ ಹನ್ನೆರಡು ಜನ ಕಾದು ಕುಳಿತಿದ್ದರು. ಭಾಸ್ಕರನಿಗೆ ಗೊತ್ತಿದ್ದದ್ದು ತನ್ನ ಪ್ರೈಮರಿ ಸ್ಕೂಲಿನ ಪದ್ಧತಿಯೊಂದೇ: ಮೇಷ್ಟ್ರು ಕೂಗಬೇಕು, ಮಕ್ಕಳು ಕೋರಸ್ಸಿನಲ್ಲಿ ಕೂಗಬೇಕು. "ಐ ಆ್ಯಮ್! ಯೂ ಆರ್! ಹೀ ಈಸ್!" ಸೂರಿನ ಪಾರಿವಾಳಗಳು ಹಾರಿಹೋದವು. ಹನ್ನೆರಡು ಹೊಡೆಯುವಷ್ಟರಲ್ಲಿ ಭಾಸ್ಕರನ ದನಿಯೂ ಹಾರಿಹೋಯಿತು. ಇನ್ನು ಒಬ್ಬೊಬ್ಬರೇ ಎದ್ದು ತಮ್ಮ ಬಗ್ಗೆ ಹೇಳಿ ಎಂದು ಸನ್ನೆ ಮಾಡಿದ.

ಮುಂದಿನ ಕುರ್ಚಿಯ ಎಲ್ವಿರಾ ಅಜ್ಜಿ ಎದ್ದಳು. "ಐ ಆ್ಯಮ್ ಎ ಕುಕ್."

ಭಾಸ್ಕರನಿಗೆ ಖುಷಿಯೋ ಖುಷಿ. ತಲೆ ತೂಗಿತು.

ಅಜ್ಜಿಯ ಮುಖ ಬಾಡಿತು. "ನೋ? ಐ ಈಸ್ ಎ ಕುಕ್?"

ಭಾಸ್ಕರ ಗಾಬರಿಯಿಂದ ಎರಡೂ ಕೈ ಬೀಸಿದ.

"ಐ ಆರ್?" ಮತ್ತೆ ಕೈ. "ಐ ಆ್ಯಮ್?"

ಭಾಸ್ಕರ ಹಿಗ್ಗಿನಿಂದ ಇನ್ನೂ ಜೋರಾಗಿ ತಲೆದೂಗಿದ. ಅಜ್ಜಿಯ ಕಣ್ಣಲ್ಲಿ ನೀರು. ಹಿಂದಿದ್ದವನು ಎದ್ದು "ಐ ಆ್ಯಮ್ ಎ ಡ್ರೈವರ್" ಎಂದ. ಅವನಿಗೂ ಅದೇ ಗತಿಯಾಯಿತು. ಹನ್ನೆರಡು ಜನ ಸ್ಪ್ಯಾನಿಷಿನಲ್ಲಿ ಜಗಳಕ್ಕೆ ಬಿದ್ದರು.

ಎಲ್ವಿರಾ ಏಳು ಮಕ್ಕಳನ್ನು ಸಾಕಿದವಳು. ಮೇಷ್ಟ್ರನ್ನು ಒಂದಷ್ಟು ಹೊತ್ತು ದಿಟ್ಟಿಸಿದಳು. ಪಾಪ, ಇವನಿಗೇ ಹೌದು ಅಲ್ಲ ತಿಳಿಯದು ಎಂದು ಅವಳಿಗೆ ಮನವರಿಕೆಯಾಯಿತು. ಚಾಕ್‌ಪೀಸ್ ಕಿತ್ತುಕೊಂಡು ಅವನನ್ನು ತನ್ನ ಕುರ್ಚಿಯಲ್ಲಿ ಕೂರಿಸಿದಳು. ಗದ್ದ ಹಿಡಿದು ಮೇಲೆ ಕೆಳಗೆ ಆಡಿಸಿದಳು: "ಯೆಸ್!" ಪಕ್ಕಕ್ಕೆ ತಿರುಗಿಸಿದಳು: "ನೋ!" ಇಡೀ ತರಗತಿ ಕೋರಸ್ ಹಾಡಿತು. ದನಿಯಿಲ್ಲದ ಭಾಸ್ಕರ, ಹಿರಿಯರ ಮಾತು ಮೀರಬಾರದೆಂದು, "ಯೆಸ್... ನೋ..." ಎಂದು ಉಸುರಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಂದು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ಮೇಡಂ ನಿಂತಿದ್ದರು. ಸ್ಪ್ಯಾನಿಷ್ ಬಲ್ಲ ಅವರಿಗೆ ಹಿಂದಿನ ಸಾಲಿನವರು ಭಾಸ್ಕರನನ್ನು ತೋರಿಸಿ ಏನೋ ವಿವರಿಸುತ್ತಿದ್ದರು.

ಭಾಸ್ಕರ ಓಡಿಹೋಗಿ ಏಜೆಂಟನ ಕಾರ್ಡು ಮುಂದೆ ಹಿಡಿದು, ಗಾಳಿಯಲ್ಲಿ ಬರೆಯುವಂತೆ ಬೆರಳಾಡಿಸಿದ.

"ಕೆಲಸಕ್ಕೆ ಪತ್ರ ಬೇಕಾ? ಇವತ್ತು ನಾನು ನೋಡಿದ್ದನ್ನು ಬರೆಯಲಾ?"

ಭಾಸ್ಕರ ಹೊಸ ಪಾಠವನ್ನು ನೆನೆದು ತಲೆಯನ್ನು ಮೇಲೆ ಕೆಳಗೆ ಆಡಿಸಿದ. "ಯೆಸ್."

ಮೇಡಂ ಅವನ ಬೆನ್ನು ತಟ್ಟಿದರು. ಅಲ್ಲೇ ಕುಳಿತು ಎರಡು ಪುಟ ಬರೆದು, ಲಕೋಟೆ ಅಂಟಿಸಿ ಕೊಟ್ಟರು. ಎರಡು ಪುಟ! ಭಾಸ್ಕರ ಸ್ಟೇಷನ್ನಿನ ಫೋನಿನಿಂದ ಮೈಸೂರಿಗೆ ಪಿಸುಗುಟ್ಟಿದ: "ಭಾಗೂ, ಸೂಟ್‌ಕೇಸ್ ತುಂಬ್ಸು ಕಣೇ."

ಚಾಟ್ಸ್‌ವುಡ್‌ನಲ್ಲಿ ಏಜೆಂಟ್ ಲಕೋಟೆ ಒಡೆದು ಗಟ್ಟಿಯಾಗಿ ಓದಿದ.

"ಬೆಳಿಗ್ಗೆ ಬಂದಾಗ ಭಾಸ್ಕರ್ ಅವರಿಗೆ ಯೆಸ್, ನೋ ಕೂಡ ತಿಳಿದಿರಲಿಲ್ಲ ಎಂದು ಸಹಪಾಠಿಗಳು ಹೇಳಿದರು. ಎರಡೇ ಗಂಟೆಯಲ್ಲಿ ಎರಡನ್ನೂ ಕಲಿತಿದ್ದಾರೆ. ಇಷ್ಟು ಶ್ರದ್ಧೆಯ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಕೀರ್ತಿಯೆಲ್ಲ ಶಿಕ್ಷಕಿ ಎಲ್ವಿರಾ ಅವರದು."

ಭಾಸ್ಕರ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ.

ಏಜೆಂಟ್ ಒಳ್ಳೆಯವನು. ಮುಂದಕ್ಕೆ ಬಾಗಿ, ಒಂದೊಂದೇ ಪದ ಬಿಡಿಸಿ ಕೇಳಿದ: "ನಿಮಗೆ... ಕಂಪ್ಯೂಟರ್... ಬರುತ್ತಾ?"

ಎಂಟು ತಿಂಗಳಿಂದ ಭಾಸ್ಕರ ಕಾದಿದ್ದ ಪ್ರಶ್ನೆ! ಅವನ ಜೀವವೆಲ್ಲ ಕುತ್ತಿಗೆಗೆ ಬಂತು. ಅಜ್ಜಿಯ ಪಾಠ ಮರೆತೇಹೋಗಿ, ತಲೆ ಎಡಕ್ಕೂ ಬಲಕ್ಕೂ ಸೊಗಸಾಗಿ ತೂಗಿತು.

ಏಜೆಂಟ್ ನಿಟ್ಟುಸಿರು ಬಿಟ್ಟು, ಫಾರ್ಮಿನಲ್ಲಿ "ಇಲ್ಲ" ಎಂದು ಬರೆದುಕೊಂಡ. ಮೈಸೂರಿನಲ್ಲಿ ಭಾಗೀರಥಿ ಸೂಟ್‌ಕೇಸಿಗೆ ಕೊನೆಯ ಸೀರೆ ತುರುಕುತ್ತಿದ್ದಳು.