ಐಸ್‌ಕ್ರೀಮ್ ವ್ಯಾನಿನ ಶ್ರೀ ಡೀನೋ ಫರಾಲಿ ಅವರಿಗೆ, ನಮ್ಮ ನಾಯಿಯ ವಿಚಾರವಾಗಿ

ಮಾನ್ಯರೇ,

ಲೌತ್ ಪಟ್ಟಣದ ಬೀದಿಬೀದಿಗಳಿಗೆ ಬೇಸಿಗೆಯುದ್ದಕ್ಕೂ ತಂಪನ್ನೂ ಸಂಗೀತವನ್ನೂ ಹಂಚುತ್ತ ಬಂದಿರುವ, ಮಕ್ಕಳ ಪಾಲಿಗೆ ದೈವವೂ ಹಲ್ಲಿನ ಡಾಕ್ಟರುಗಳ ಪಾಲಿಗೆ ಅನ್ನದಾತರೂ ಆಗಿರುವ ತಮಗೆ, ಟ್ಯಾನರ್ಸ್ ಲೇನಿನ ಕೊನೆಯ ಮನೆಯ ಹೆಸ್ಟರ್ ಬ್ಲಾಂಚರ್ಡ್ ಮಾಡುವ ಸವಿನಯ ವಂದನೆಗಳು. ತಾವೂ ತಮ್ಮ ವ್ಯಾನೂ ಅದರ ನೆತ್ತಿಯ ಮೇಲಿನ ಧ್ವನಿವರ್ಧಕವೂ ಕ್ಷೇಮವೆಂದು ನಂಬಿದ್ದೇನೆ. ಧ್ವನಿವರ್ಧಕದ ಆರೋಗ್ಯದ ಬಗ್ಗೆಯಂತೂ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಕಳೆದ ಭಾನುವಾರ ಅದು ಇಡೀ ಮೈದಾನಕ್ಕೆ ಕೇಳಿಸಿತು. ಈ ಪತ್ರವನ್ನು ತಮ್ಮ ಕೈಗೇ ಕೊಡಬಹುದಿತ್ತು, ಆದರೆ ನನ್ನ ಮಾನ ಹೋದದ್ದನ್ನು ಊರೆಲ್ಲ ನೋಡಿರುವಾಗ ನನ್ನ ದೂರನ್ನೂ ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಮ್ಮ ಮನೆಯಲ್ಲಿ ಬಟನ್ ಎಂಬ ಹೆಸರಿನ ನಾಯಿಯಿರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ತಾಯಿ ಕುರಿ ಕಾಯುವ ಕೋಲಿ ತಳಿಯ ನಾಯಿ, ತಂದೆ ಯಾರೆಂಬುದನ್ನು ಆಕೆ ಈವರೆಗೆ ಯಾರಿಗೂ ಹೇಳಿಲ್ಲ. ಈ ಬಟನ್ ನಮ್ಮ ‘ಮಾರ್ಷ್ ಮಿಸೈಲ್ಸ್’ ಫ್ಲೈಬಾಲ್ ತಂಡದ ಕೊನೆಯ ಓಟಗಾರ. ಫ್ಲೈಬಾಲ್ ಎಂದರೆ ನಾಯಿಗಳ ರಿಲೇ ಓಟ: ನಾಯಿ ಸಾಲಾಗಿ ನಿಲ್ಲಿಸಿದ ಗಿಡ್ಡ ಹಲಗೆಗಳನ್ನು ಹಾರಿಕೊಂಡು ಹೋಗಿ, ತುದಿಯಲ್ಲಿರುವ ಪೆಟ್ಟಿಗೆಯ ಇಳಿಜಾರು ಮುಖಕ್ಕೆ ಕಾಲಿನಿಂದ ಗುದ್ದಬೇಕು, ಗುದ್ದಿದರೆ ಚೆಂಡು ಚಿಮ್ಮುತ್ತದೆ, ಅದನ್ನು ಕಚ್ಚಿಕೊಂಡು ಅದೇ ಹಲಗೆಗಳನ್ನು ಹಾರುತ್ತ ಹಿಂದಿರುಗಿದ ಮೇಲೆ ಮುಂದಿನ ನಾಯಿಯ ಸರದಿ. ಪಕ್ಕದ ಸಾಲಿನಲ್ಲಿ ಎದುರಾಳಿ ತಂಡವೂ ಇದನ್ನೇ ಮಾಡುತ್ತಿರುತ್ತದೆ. ಬೊಗಳುವುದು ಮಾತ್ರ ನಾಯಿಗಳಿಗಿಂತ ಒಡೆಯರದ್ದೇ ಹೆಚ್ಚು.

ನಮ್ಮ ಬಟನ್ ಗಾಳಿಯಂತೆ ಹೋಗುತ್ತಿದ್ದ, ಗಾಳಿಯಂತೆಯೇ ಬರಿಗೈಯಲ್ಲಿ ಬರುತ್ತಿದ್ದ. ಚೆಂಡನ್ನು ಅರ್ಧ ದಾರಿಯಲ್ಲೇ ಉಗುಳಿಬಿಡುವ ಈ ಒಂದು ದುರಭ್ಯಾಸದಿಂದಾಗಿ ನಮ್ಮ ತಂಡ ವರ್ಷವರ್ಷವೂ ಕೆಳದರ್ಜೆಯಲ್ಲೇ ಉಳಿದಿತ್ತು. ಆದ್ದರಿಂದ ಈ ವಸಂತದಲ್ಲಿ ನಾನು ಮನೆಯನ್ನೇ ಶಾಲೆ ಮಾಡಿದೆ. ನಡುಮನೆಯ ಉದ್ದಕ್ಕೂ ರಬ್ಬರ್ ಚಾಪೆ ಬಂತು. ಮೆಟ್ಟಿಲಿಗೆ ಹಲಗೆಯೊಂದನ್ನು ಒರಗಿಸಿದ್ದರಿಂದ, ಈಜುಗಾರ ಗೋಡೆಗೆ ಕಾಲು ಕೊಟ್ಟು ತಿರುಗುವಂತೆ ತಿರುಗಲು ಬಟನ್ ಕಲಿತ; ಮಹಡಿಗೆ ಹೋಗಬೇಕಾದವರು ಹಲಗೆ ದಾಟಿ ಹೋಗಲು ಕಲಿತರು. ಹಿತ್ತಲಿನಲ್ಲಿ ಹೂಕುಂಡಗಳ ಮೇಲೆ ಪೊರಕೆ ಕಡ್ಡಿಗಳನ್ನಿಟ್ಟು ಹಾರಿಸಿದೆ. ಅಡೆತಡೆ ಓಟಕ್ಕೂ ಇರಲಿ ಎಂದು, ನಾಯಿ ಸಂದಿಯಿಂದ ಸಂದಿಗೆ ನುಸುಳಿ ಓಡಲು ಕೋಲುಗಳ ಸಾಲೊಂದನ್ನು ನೆಟ್ಟೆ. ಆ ಕೋಲುಗಳು ನನ್ನ ತಂದೆ ಸೆಡ್ರಿಕ್ ಬ್ಲಾಂಚರ್ಡ್ ಅವರು ಹುರುಳಿಕಾಯಿ ಬಳ್ಳಿ ಹಬ್ಬಿಸಲೆಂದು ತೆಗೆದಿಟ್ಟಿದ್ದವು ಎಂಬುದು ನೆಟ್ಟ ಮೇಲೆ ತಿಳಿಯಿತು.

“ಈ ವರ್ಷ ಹುರುಳಿಕಾಯಿ ಎಲ್ಲಿ ಹಬ್ಬಬೇಕು, ನಾಯಿ ಮೇಲಾ?” ಎಂದು ಅವರು ಕೇಳಿದರು.

ಬಟನ್ ಕೋಲೊಂದನ್ನು ಬಿಟ್ಟು ಹೋಗಿದ್ದ, ನಾನು ಅವನನ್ನು ಕರೆಯುತ್ತಿದ್ದೆ.

ನನ್ನ ತಂದೆಯವರು ಆಯುಷ್ಯವಿಡೀ ಬಸ್ಸು ಓಡಿಸಿ, ಅಮ್ಮ ತೀರಿದ ಮೇಲೆ ನನ್ನೊಂದಿಗೆ ಇರುವವರು. ಅವರಿಗೆ ಸಕ್ಕರೆ ಕಾಯಿಲೆ. ಈ ವಸಂತದಲ್ಲಿ ಅವರ ಪಾದದಲ್ಲಿ ಎದ್ದ ಹುಣ್ಣು ಒಣಗುವ ಲಕ್ಷಣವೇ ಕಾಣಲಿಲ್ಲ. ಆಸ್ಪತ್ರೆಯ ನರ್ಸೂ ನಮ್ಮ ತಂಡದ ಸದಸ್ಯೆಯೂ ಆದ ಗ್ಲೆನಿಸ್ ನನ್ನನ್ನು ಪಕ್ಕಕ್ಕೆ ಕರೆದು, “ಸಕ್ಕರೆ ಹೀಗೇ ಇದ್ರೆ ಒಂದು ಬೆರಳಾದ್ರೂ ಹೋಗುತ್ತೆ ಹೆಸ್ಟರ್, ಅವರ ಬಾಯಿಗೆ ಬೀಗ ಹಾಕು” ಎಂದಿದ್ದಳು. ಹಾಕಿದೆ. ಅಡುಗೆಮನೆಯ ತಕ್ಕಡಿಯಲ್ಲಿ ಬೆಳಿಗ್ಗೆ ಮೊದಲು ನಾಯಿಯ ಊಟ, ಆಮೇಲೆ ತಂದೆಯ ಓಟ್ಸ್ ತೂಗುತ್ತಿದ್ದೆ. ಬಿಸ್ಕತ್ತಿನ ಡಬ್ಬಿಯನ್ನು ಕಾರಿನಲ್ಲಿಟ್ಟು ಕಾರಿಗೆ ಬೀಗ ಹಾಕಿದೆ.

“ನನಗೂ ಅವನಿಗೂ ಒಂದೇ ತಕ್ಕಡಿ” ಎಂದು ತಂದೆ ಗೊಣಗುತ್ತಿದ್ದರು. “ಆದ್ರೆ ಅವನು ಓಡಿದ್ರೆ ಚೀಸ್ ಸಿಗುತ್ತೆ. ನಾನು ಓಡಿದ್ರೂ ಓಟ್ಸೇ.”

ಮಾನ್ಯರೇ, ಇಲ್ಲಿಂದ ಮುಂದಿನದು ಪವಾಡದ ಕತೆ. ಮಧ್ಯಾಹ್ನ ನಾನು ಗ್ರಂಥಾಲಯದ ಕೆಲಸಕ್ಕೆ ಹೋಗಿರುವಾಗ ನಾಯಿಯ ಅಭ್ಯಾಸವನ್ನು ತಾವೇ ಮಾಡಿಸುವುದಾಗಿ ತಂದೆಯವರು ಒಂದು ದಿನ ತಾವಾಗಿಯೇ ಹೇಳಿದರು. ಹಿತ್ತಲ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಚೀಸಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರತೊಡಗಿದರು. ನನಗೆ ಕಣ್ಣಲ್ಲಿ ನೀರು ಬಂತು. ಕೆಲವೇ ವಾರಗಳಲ್ಲಿ ಬಟನ್ ಬೇರೆಯೇ ನಾಯಿಯಾದ. ಕಚ್ಚಿದ್ದನ್ನು ಬಿಡುವುದಿಲ್ಲ, ಹಲಗೆಗೆ ಕಾಲು ತಾಗಿಸುವುದಿಲ್ಲ, ಹಲ್ಲಿನ ಗುರುತು ಬೀಳದಷ್ಟು ಮೆತ್ತಗೆ ಹಿಡಿದು ತರುತ್ತಾನೆ. ಅದೇ ಹೊತ್ತಿಗೆ ತಂದೆಯ ಹುಣ್ಣು ಒಣಗಿತು, ಸಕ್ಕರೆ ಇಳಿಯಿತು, ಗ್ಲೆನಿಸ್ ನನ್ನ ಬೆನ್ನು ತಟ್ಟಿದಳು. ಒಂದೇ ಶಿಸ್ತಿನಲ್ಲಿ ಒಬ್ಬ ನಾಯಿಯನ್ನೂ ಒಬ್ಬ ತಂದೆಯನ್ನೂ ತಿದ್ದಿದ ಹೆಂಗಸು ಈ ಜಿಲ್ಲೆಯಲ್ಲೇ ಇನ್ನೊಬ್ಬಳಿಲ್ಲ ಎಂದು ನಾನು ಗ್ರಂಥಾಲಯಕ್ಕೆ ಬಂದವರಿಗೆಲ್ಲ ಹೇಳಿದೆ, ಅವರು ಕೇಳದಿದ್ದರೂ ಹೇಳಿದೆ. ಬೇಸರದ ಸಂಗತಿ ಒಂದೇ: ಮನೆಯಲ್ಲಿದ್ದ ಚೆಂಡುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಬಟನ್ ನುಂಗುತ್ತಿದ್ದಾನೇನೋ ಎಂದು ಹೆದರಿ ಪಶುವೈದ್ಯರ ಬಳಿ ಅವನ ಹೊಟ್ಟೆಯ ಎಕ್ಸ್‌ರೇ ತೆಗೆಸಿದೆ. ಹೊಟ್ಟೆ ಖಾಲಿಯಿತ್ತು.

ಹೀಗೆ ಕಳೆದ ಭಾನುವಾರ ಬಂತು. ಕೃಷಿ ಮೇಳದ ಮೈದಾನ, ಋತುವಿನ ಕೊನೆಯ ಪಂದ್ಯ, ಎದುರಿಗೆ ಗ್ರಿಮ್ಸ್‌ಬಿಯ ತಂಡ. ಗೆದ್ದರೆ ಮೇಲಿನ ದರ್ಜೆ. ತಂದೆಯವರನ್ನು ಮಡಿಸುವ ಕುರ್ಚಿಯಲ್ಲಿ, ಗುರಿಗೆರೆಯ ಹಿಂದೆ, ಎಲ್ಲರಿಗೂ ಕಾಣುವಂತೆ ಕೂರಿಸಿದ್ದೆ. ಮೊದಲ ಮೂರು ನಾಯಿಗಳು ಚೊಕ್ಕವಾಗಿ ಓಡಿ ಬಂದವು. ನಾನು ಬಟನ್‌ನನ್ನು ಬಿಟ್ಟೆ. ಅವನು ಹಾರಿದ, ಗುದ್ದಿದ, ಚೆಂಡು ಹಿಡಿದ, ಈಜುಗಾರನಂತೆ ತಿರುಗಿದ. ಎದುರಾಳಿ ನಾಯಿ ಇನ್ನೂ ಪೆಟ್ಟಿಗೆ ಮುಟ್ಟಿರಲಿಲ್ಲ. ಸರಿಯಾಗಿ ಆಗ, ಮೈದಾನದ ಅಂಚಿನಲ್ಲಿದ್ದ ತಮಗೆ ವ್ಯಾಪಾರ ಸ್ವಲ್ಪ ಮಂದವೆನ್ನಿಸಿ, ತಾವು ಗುಂಡಿ ಒತ್ತಿದಿರಿ.

ತಮ್ಮ ಸಂಗೀತ ಕಿವಿಗೆ ಬಿದ್ದದ್ದೇ ತಡ, ಬಟನ್ ನಮ್ಮನ್ನೆಲ್ಲ ಮರೆತ. ಓಟದ ಸಾಲಿನ ಪಕ್ಕಕ್ಕೆ ಕಟ್ಟಿದ್ದ ಬಲೆಯನ್ನು ಒಂದೇ ನೆಗೆತಕ್ಕೆ ದಾಟಿ, ಜನರ ಕಾಲುಗಳ ನಡುವೆ ನನ್ನ ಹಿತ್ತಲ ಕೋಲುಗಳ ನಡುವೆ ನುಸುಳಿದಂತೆಯೇ ನುಸುಳಿ, ತಮ್ಮ ವ್ಯಾನಿನ ಕಿಟಕಿಯ ಕಟ್ಟೆಗೆ ಎರಡೂ ಮುಂಗಾಲಿಟ್ಟು ಚೆಂಡನ್ನು ಇಳಿಸಿದ. ತಾವು ಬಹುದಿನದ ಗಿರಾಕಿಗೆ ಕೊಡುವ ಗೌರವದಿಂದ ಒಂದು ಪುಟ್ಟ ಡಬ್ಬಿಯನ್ನು ಅವನ ಬಾಯಿಗೆ ಕೊಟ್ಟಿರಿ. ಅವನು ಬಂದ ದಾರಿಯಲ್ಲೇ ಮರಳಿ, ಬಲೆ ಹಾರಿ, ಪೆಟ್ಟಿಗೆಯ ಹತ್ತಿರದಿಂದ ಒಂದೊಂದು ಹಲಗೆಯನ್ನೂ ನಿಯಮಬದ್ಧವಾಗಿ ದಾಟಿ, ಗುರಿಗೆರೆಯನ್ನೂ ದಾಟಿ, ನಾನು ಚಾಚಿದ ಕೈಯನ್ನೂ ದಾಟಿ, ನೇರವಾಗಿ ನನ್ನ ತಂದೆಯ ಮುಂದೆ ಕುಳಿತು ಅವರ ತೊಡೆಯ ಮೇಲೆ ಡಬ್ಬಿ ಇಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗ್ರಿಮ್ಸ್‌ಬಿಯ ನಾಯಿ ಯಾವಾಗ ಬಂದು ಗೆದ್ದಿತೋ ನೋಡಿದವರಿಲ್ಲ.

ತೀರ್ಪುಗಾರರು ಬಾವುಟ ಹಿಡಿದು ಬಹಳ ಹೊತ್ತು ಯೋಚಿಸಿದರು. “ಚೆಂಡು ತರಬೇಕು ಅಂತ ನಿಯಮ ಇದೆ. ಡಬ್ಬಿ ತಂದ್ರೆ ಏನ್ಮಾಡ್ಬೇಕು ಅಂತ ಎಲ್ಲೂ ಹೇಳಿಲ್ವಲ್ಲಮ್ಮ” ಎಂದು ಮರುಗಿ, ಕೆಂಪನ್ನೇ ಎತ್ತಿದರು.

ನನಗೆ ಆಗ ಬಾವುಟದ ಪರಿವೆ ಇರಲಿಲ್ಲ. ನಾನು ಡಬ್ಬಿಯನ್ನು ನೋಡುತ್ತಿದ್ದೆ, ಗ್ಲೆನಿಸ್ ಡಬ್ಬಿಯನ್ನು ನೋಡುತ್ತಿದ್ದಳು, ತಂದೆಯವರು ಆಕಾಶವನ್ನು ನೋಡುತ್ತಿದ್ದರು.

“ಅಪ್ಪ, ಎಷ್ಟು ದಿನದಿಂದ?” ಎಂದು ಕೇಳಿದೆ.

“ಏನು ಎಷ್ಟು ದಿನದಿಂದ?”

“ಇದು.”

“ಓ, ಇದಾ. ಬೇಸಿಗೆ ಶುರುವಾದಾಗಿಂದ ಅನ್ಕೋ.”

“ನಿಮ್ಮ ಕಾಲು ಹೋಗುತ್ತಪ್ಪ. ನಾನು ಕಾರಲ್ಲಿ ಬಿಸ್ಕತ್ತು ಬಚ್ಚಿಟ್ಟುಕೊಂಡು ಓಡಾಡ್ತಾ ಇದ್ದೀನಿ, ನೀವು ನಾಯಿ ಕೈಲಿ ಐಸ್‌ಕ್ರೀಮ್ ತರಿಸ್ಕೊಂಡು ತಿಂತಿದ್ದೀರಾ?”

ಅವರು ಆಕಾಶ ಬಿಟ್ಟು ನನ್ನನ್ನು ನೋಡಿದರು. “ಅವನು ಒಂದು ಕಡ್ಡಿ ಹಾರಿದ್ರೆ ‘ಭೇಷ್’ ಅಂತೀಯ. ಬೆಳಿಗ್ಗೆಯಿಂದ ಸಂಜೆವರೆಗೂ ಭೇಷ್, ಭೇಷ್. ನಾನು ದಿನಾ ಆ ಗಂಜಿ ನುಂಗ್ತೀನಿ. ಒಂದು ಸಲಾನಾದ್ರೂ ಅಂದಿದ್ಯಾ?”

ಇಷ್ಟರಲ್ಲಿ ಗ್ಲೆನಿಸ್ ಡಬ್ಬಿಯನ್ನು ಎತ್ತಿಕೊಂಡು ಮುಚ್ಚಳ ಓದಿದಳು. ಓದಿ, ಬಾಯಿಗೆ ಕೈ ಅಡ್ಡ ಹಿಡಿದಳು.

“ಸೆಡ್ರಿಕ್, ಇದರ ಮೇಲೆ ಏನು ಚಿತ್ರ ಇದೆ ಹೇಳಿ.”

ತಂದೆಯವರ ಕಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆಯ ಸರದಿಗೆ ಕಾಯುತ್ತಿದ್ದಾರೆ. “ಹಸು” ಎಂದರು ಧೈರ್ಯವಾಗಿ. “ಕಪ್ಪು ಬಿಳುಪು ಹಸು. ಹಾಲಿನ ಪದಾರ್ಥ ಅಲ್ವಾ.”

“ಹಸು ಅಲ್ಲ ಸೆಡ್ರಿಕ್. ನಾಯಿ. ಇದು ನಾಯಿಗಳಿಗೆ ಮಾಡೋ ಐಸ್‌ಕ್ರೀಮ್. ಸಕ್ಕರೆ ಒಂದು ಚೂರೂ ಇಲ್ಲ.”

ನಾನು ತಮ್ಮ ವ್ಯಾನಿನ ಬಳಿ ಹೇಗೆ ಬಂದೆ ಎಂಬುದು ತಮಗೆ ನೆನಪಿರಬಹುದು; ಸಾಲಿನಲ್ಲಿದ್ದವರು ದಾರಿ ಬಿಟ್ಟರು. ತಮ್ಮ ಗಾಜಿನ ಹಿಂದೆ, ಸ್ಟೀರಿಂಗಿನ ಪಕ್ಕ, ಕಾಣೆಯಾಗಿದ್ದ ನನ್ನ ಚೆಂಡುಗಳೆಲ್ಲ ರಾಶಿಯಾಗಿ ಬಿದ್ದಿದ್ದವು. ತಾವು ಹೇಳಿದ್ದು ಇಷ್ಟು: “ಮೊದಲನೇ ದಿನ ಗೇಟಿನ ಹತ್ರ ಯಜಮಾನ್ರು ಕೂಗಿದ್ರು ಮೇಡಂ, ‘ಇವನಿಗೊಂದು ಕೊಡಪ್ಪಾ’ ಅಂತ. ನಾಯಿಗೆ ಅಂದ್ರೆ ನಾಯಿಗೆ ಏನು ಕೊಡ್ಬೇಕೋ ಅದನ್ನೇ ಕೊಟ್ಟೆ. ಅವನ ಆಟ ನೋಡೋಕೇ ಜನ ಸಾಲು ನಿಲ್ತಿದ್ರು, ದುಡ್ಡಿನ ಬದಲು ಚೆಂಡೇ ಸಾಕು ಅಂದ್ಕೊಂಡೆ. ತಪ್ಪಾಯ್ತಾ?” ತಂದೆಯವರು ಕೂಗಿದ್ದು ‘ಇವನ ಕೈಲೊಂದು ಕೊಡಪ್ಪಾ’ ಎಂದಂತೆ. ತಮ್ಮ ವ್ಯಾನಿನ ಯಂತ್ರದ ಗದ್ದಲದಲ್ಲಿ ಒಂದು ‘ಕೈ’ ಕಳೆದುಹೋಯಿತು, ಒಂದು ಕಾಲು ಉಳಿಯಿತು.

ಇದೇ ನನ್ನ ದೂರು, ಮಾನ್ಯರೇ. ತಮ್ಮನ್ನು ಬೈಯಲು ಹೊರಟರೆ ಬೈಗುಳಕ್ಕೆ ಕಾರಣ ಸಿಗುತ್ತಿಲ್ಲ. ನಾನು ವರ್ಷಗಟ್ಟಲೆ ಕಲಿಸಲಾಗದ್ದನ್ನು ತಾವು ಕಿಟಕಿಯಲ್ಲಿ ಕುಳಿತೇ ಕಲಿಸಿದಿರಿ. ವೈದ್ಯರೂ ನರ್ಸೂ ಮಗಳೂ ಸೇರಿ ಗೆಲ್ಲಲಾಗದ ಕಾಯಿಲೆಯನ್ನು, ಕಾಯಿಲೆ ಇರುವುದೇ ಗೊತ್ತಿಲ್ಲದೆ, ನಾಯಿಯ ತಿಂಡಿಯಿಂದ ಹಿಮ್ಮೆಟ್ಟಿಸಿದಿರಿ. ಪ್ರತಿಫಲವಾಗಿ ನನ್ನ ತಂಡವನ್ನು ಇನ್ನೊಂದು ವರ್ಷ ಕೆಳದರ್ಜೆಯಲ್ಲಿ ಕೂರಿಸಿದಿರಿ. ತಂದೆಯವರ ವಿಷಯ ಇನ್ನೂ ಕಷ್ಟ. ಗ್ಲೆನಿಸ್ ಆ ಐಸ್‌ಕ್ರೀಮನ್ನು ಧಾರಾಳವಾಗಿ ತಿನ್ನಿ ಎಂದು ಅನುಮತಿ ಕೊಟ್ಟಳು. ಅವರು ಅಂದು ಮೈದಾನದಲ್ಲಿ ಎಲ್ಲರೆದುರು ಡಬ್ಬಿಯ ತಳ ಕಾಣುವವರೆಗೆ ತಿಂದು, “ಕದ್ದು ತಿಂದಾಗ ಇದು ಚೆನ್ನಾಗಿತ್ತು. ಅಪ್ಪಣೆ ಕೊಟ್ಟಮೇಲೆ ನಾಯಿ ತಿಂಡಿ ಥರಾನೇ ಇದೆ” ಎಂದು ಅದಕ್ಕೆ ಶಾಶ್ವತವಾಗಿ ವಿದಾಯ ಹೇಳಿದ್ದಾರೆ.

ಸೋಮವಾರ ಬೆಳಿಗ್ಗೆ ನಾನು ಹಿತ್ತಲಿನ ಕೋಲುಗಳನ್ನು ಕಿತ್ತು ತಂದೆಯ ಪಾತಿಯಲ್ಲಿ ನೆಟ್ಟೆ. ಇದು ಹುರುಳಿಕಾಯಿಯ ಕಾಲವಲ್ಲವೆಂದು ಗೊತ್ತಿದ್ದೂ ನೆಟ್ಟೆ. ಒಳಗೆ ಬಂದಾಗ ಅವರು ಓಟ್ಸ್ ಮುಗಿಸಿದ್ದರು. ನಾನು ಬಾಗಿಲಲ್ಲೇ ನಿಂತು “ಭೇಷ್” ಎಂದೆ. ಅವರು ಚಮಚ ಕೆಳಗಿಟ್ಟು ನನ್ನನ್ನು ನೋಡಿ, “ಚೀಸ್ ಎಲ್ಲಿ?” ಎಂದರು. ಕೊಟ್ಟೆ. ಬಟನ್ ಅದನ್ನು ನೋಡಿ ನಿಟ್ಟುಸಿರು ಬಿಟ್ಟ.

ಆದಕಾರಣ ತಮ್ಮಲ್ಲಿ ನನ್ನ ವಿನಂತಿಗಳು ಅತ್ಯಲ್ಪ. ಮುಂದಿನ ಋತುವಿನಲ್ಲಿ ನಮ್ಮ ಪಂದ್ಯಗಳಿರುವ ಭಾನುವಾರಗಳಲ್ಲಿ ತಾವು ದಯವಿಟ್ಟು ಮೌನವ್ರತ ಆಚರಿಸಬೇಕು. ಅದು ಆಗದಿದ್ದರೆ ಎದುರಾಳಿ ನಾಯಿಗಳಿಗೂ ಸಮಾನ ತರಬೇತಿ ಕೊಟ್ಟು ಅವುಗಳನ್ನೂ ತಮ್ಮ ಕಿಟಕಿಗೆ ಕರೆಸಿಕೊಳ್ಳಬೇಕು. ಅದೂ ಆಗದಿದ್ದರೆ ವ್ಯಾನನ್ನು ನಮ್ಮ ಗುರಿಗೆರೆಯ ಮೇಲೆಯೇ ತಂದು ನಿಲ್ಲಿಸಬೇಕು, ಹಾಗೆ ಮಾಡಿದರೆ ಬಟನ್ ಈ ದೇಶದ ದಾಖಲೆಯನ್ನೇ ಮುರಿಯುತ್ತಾನೆಂದು ನಾನು ಬರೆದುಕೊಡಬಲ್ಲೆ. ಚೆಂಡುಗಳನ್ನು ತೊಳೆದು ಕಳಿಸಿದರೆ ಸಾಕು, ವೆನಿಲ್ಲಾ ವಾಸನೆ ಇರಕೂಡದು.

ಸೋತ ತಂಡದ ಪರವಾಗಿಯೂ ಗೆದ್ದ ಕಾಲಿನ ಪರವಾಗಿಯೂ,

ತಮ್ಮ ವಿಶ್ವಾಸಿ (ಅಂತರ ಕಾಯ್ದುಕೊಂಡು),
ಹೆಸ್ಟರ್ ಬ್ಲಾಂಚರ್ಡ್

ಮರೆತ ಮಾತು: ತಮ್ಮ ವ್ಯಾನಿನ ಹಿಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ‘ಮಗುವಿದೆ, ಜೋಪಾನ’ ಎಂದು ಬರೆಸಿದ್ದೀರಿ. ಒಳ್ಳೆಯದೇ. ಅದರ ಕೆಳಗೆ, ಆ ಮಗುವಿಗೆ ಎಂಬತ್ತು ದಾಟಿರಬಹುದು, ಕಣ್ಣಿಗೆ ಪೊರೆ ಬಂದಿರಬಹುದು, ಕೇಳಿದರೆ ಆಕಾಶ ನೋಡಬಹುದು ಎಂಬುದನ್ನೂ ಬರೆಸಿ. ನಿನ್ನೆ ಸಂಜೆ ತಮ್ಮ ವ್ಯಾನು ನಿಂತಾಗ ಗೇಟಿನ ಬಳಿ ಕುರ್ಚಿ ಇತ್ತು, ನಾಯಿ ಇತ್ತು, ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕಾಲು ವಾಸಿಯಾದವರು ನಡೆದೇ ಬರುತ್ತಾರೆ. ಈ ಸಲ ಅವರು ಬಾಯಿಬಿಟ್ಟು ಏನೇ ಕೇಳಿದರೂ, ತಾವು ಕೊಡಬೇಕಾದದ್ದು ಆ ಹಸುವಿನ ಚಿತ್ರದ್ದೇ.