ಅರ್ಧ ಲೀಟರಿನ ಅಪರಾಧ

ಆ ಬೇಸಿಗೆಯಲ್ಲಿ ಡೆಲ್ಫಿನಾ ಅಪೊಡಾಕಾ ಒಂದು ಭೀಷ್ಮ ಪ್ರತಿಜ್ಞೆ ಮಾಡಿದಳು. ಮಗಳು ನೋಯೆಲಿಯಾಗೆ ಹದಿನೆಂಟು ತುಂಬುವವರೆಗೆ ತನ್ನ ಮನೆಯ ಹೊಸ್ತಿಲೊಳಗೆ ಎಂಎಂಎ ಎಂಬ ಪಂಜರದ ಹೊಡೆದಾಟದ ಸೊಲ್ಲೇ ಏಳಕೂಡದು! ಟೀವಿಯಲ್ಲಿ ನೋಡಕೂಡದು, ಫೋನಿನಲ್ಲಿ ನೋಡಕೂಡದು, ಊಟದ ಮೇಜಿನ ಮೇಲೆ ಆ ಮಾತೂ ಬರಕೂಡದು! ನೋಯೆಲಿಯಾಗೆ ಆಗ ಮೂರು ವರ್ಷ ಎರಡು ತಿಂಗಳು. ಅಂದರೆ ನಿಷೇಧದ ಒಟ್ಟು ಅವಧಿ ಹದಿನಾಲ್ಕು ವರ್ಷ ಹತ್ತು ತಿಂಗಳು.

ಅಮೆರಿಕದ ಆಲ್ಬುಕರ್ಕಿಯಲ್ಲಿ ಇದ್ದುಕೊಂಡು ಇಂಥ ಪಣ ತೊಡುವುದೆಂದರೆ ಆ ಊರಿನವರು ಮೂರು ಹೊತ್ತೂ ತಿನ್ನುವ ಹಸಿರು ಮೆಣಸಿನಕಾಯಿ ಮುಟ್ಟುವುದಿಲ್ಲ ಎಂದು ಹಟ ಹಿಡಿದ ಹಾಗೆ. ಬೀದಿಗೊಂದು ಜಿಮ್ಮು. ಅಂಚೆ ಹಂಚುವವನ ಕಿವಿ ಕೂಡ ಕುಸ್ತಿಯ ಉಜ್ಜಾಟಕ್ಕೆ ಹೂಕೋಸಿನಂತೆ ಮುದುಡಿತ್ತು. ಸಾಲದ್ದಕ್ಕೆ ಗಂಡ ಲಿಯಾಂಡ್ರೊನ ಒಡಹುಟ್ಟಿದ ತಂಗಿ ರೆನಾಟಾಳೇ ಪಂಜರಕ್ಕಿಳಿಯುವ ಪಟು!

"ಇಬ್ಬರು ಬಡಿದಾಡೋದು, ಇನ್ನೂರು ಜನ ಚಿಪ್ಸ್ ತಿಂತಾ ನೋಡೋದು. ಇದಕ್ಕೆ ಆಟ ಅಂತ ಬೇರೆ ಹೆಸರು!" ಎಂದು ಡೆಲ್ಫಿನಾ ಒಂದು ಭಾನುವಾರದ ಊಟದಲ್ಲಿ ಗುಡುಗಿದ್ದಳು.

ಅತ್ತೆ ಯುಫೇಮಿಯಾ ಟೋರ್ಟಿಯಾ ರೊಟ್ಟಿ ಮಡಚುತ್ತ ತಣ್ಣಗೆ ಹೇಳಿದ್ದರು. "ಮೀಹಾ, ನಾನು ಏಟು ನೋಡಲ್ಲ. ಏಟು ತಿಂದ ಮೇಲೆ ಹೇಗೆ ಎದ್ದು ನಿಲ್ತಾರೆ ಅಂತ ನೋಡ್ತೀನಿ. ನೀನು ಸೊಸೆಯಾಗಿ ಬಂದಾಗಿನಿಂದ ನಿನ್ನನ್ನೂ ಹಾಗೇ ನೋಡ್ತಾ ಇದೀನಿ."

ಈ ಮೀಹಾ ಎಂಬ ಮಗಳೇ-ಕಂದಾ ಮಾತನ್ನು ಅತ್ತೆ ಎಲ್ಲರಿಗೂ ಅನ್ನುತ್ತಿದ್ದರು. ಡೆಲ್ಫಿನಾಗೆ ಮಾತ್ರ ಅದರಲ್ಲಿ ಒಂದು ಚಿಟಿಕೆ ಖಾರ ಹೆಚ್ಚಿರುತ್ತಿತ್ತು.

ಜುಲೈ ತಿಂಗಳಲ್ಲಿ ರೆನಾಟಾಗೆ ದೊಡ್ಡ ಪಂದ್ಯವೊಂದು ಸಿಕ್ಕಿತು. ಎರಡು ವರ್ಷ ಕಾದ ಮೇಲೆ ಸಿಕ್ಕಿದ ಅವಕಾಶ. ಶನಿವಾರ ಪಂದ್ಯ. ಗುರುವಾರ ಲಿಯಾಂಡ್ರೊ ಗಂಟಲು ಸರಿಪಡಿಸಿಕೊಂಡ.

"ನಾಳೆ ಬೆಳಿಗ್ಗೆ ರೆನಾಟಾ ಅವಳ ಕೋಚ್ ಜೊತೆ ಬಂದು ನಮ್ಮ ಬಚ್ಚಲ ತೊಟ್ಟಿ ಬಳಸ್ತಾಳೆ. ಇಡೀ ಬಳಗದಲ್ಲಿ ಕುತ್ತಿಗೆವರೆಗೂ ಮುಳುಗೋ ತೊಟ್ಟಿ ಇರೋದು ನಮ್ಮನೇಲಿ ಮಾತ್ರ."

"ಯಾಕೆ? ಅವಳ ಮನೇಲಿ ನೀರು ಬರಲ್ವಾ?"

ಲಿಯಾಂಡ್ರೊ ಸೂರು ನೋಡಿದ. "ಹೇಳೋ ಹಾಗಿಲ್ಲ. ನಿನ್ನದೇ ಕಾನೂನು."

ಡೆಲ್ಫಿನಾಗೆ ತನ್ನ ಕಾನೂನಿನ ಮೇಲೆ ಎಲ್ಲಿಲ್ಲದ ಹೆಮ್ಮೆಯಾಯಿತು. ಮರುಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ಶುಕ್ರವಾರ ಹತ್ತು ಗಂಟೆಗೆ ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಬಂದು ಬಾಗಿಲು ತೆಗೆದ ಡೆಲ್ಫಿನಾ ಕೈಚೀಲವನ್ನು ಅಲ್ಲೇ ಕೆಳಗೆಸೆದಳು. ನಡುಮನೆಯ ನೆಲದ ಮೇಲೆ ರೆನಾಟಾ ಮೂರು ಟವೆಲು, ಎರಡು ಕಂಬಳಿ ಸುತ್ತಿಕೊಂಡು ಅಂಗಾತ ಬಿದ್ದಿದ್ದಳು. ಕಣ್ಣು ಗುಳಿಬಿದ್ದಿದೆ, ತುಟಿ ಬಿರಿದಿದೆ, ಮೈ ಕೆಂಡ! ಲಿಯಾಂಡ್ರೊ, ಕೋಚ್ ಇಬ್ಬರೂ ನಾಪತ್ತೆ.

ಮೂರು ವರ್ಷ ಎರಡು ತಿಂಗಳಲ್ಲಿ ಹದಿನೇಳು ಸಲ ಮಗುವಿನ ಜ್ವರ, ಒಂಬತ್ತು ಸಲ ಭೇದಿ ಗೆದ್ದ ತಾಯಿ ಅವಳು. ಡಾಕ್ಟರ ಫೋನ್ ನಂಬರು ಅವಳಿಗೆ ತನ್ನ ಹೆಸರಿಗಿಂತ ಚೆನ್ನಾಗಿ ನೆನಪಿತ್ತು. ಇಂಥವಳು ನೋಡುತ್ತ ನಿಲ್ಲುವುದುಂಟೇ! ಫ್ರಿಜ್ಜಿಗೆ ಹಾರಿದಳು. ಮೈಯ ನೀರು ಆರಿದಾಗ ಮಕ್ಕಳಿಗೆ ಕುಡಿಸುವ ಉಪ್ಪು-ಸಕ್ಕರೆ ನೀರಿನ ಬಾಟಲಿಗಳು ಅಲ್ಲಿ ಸೈನಿಕರಂತೆ ಸಾಲಾಗಿ ನಿಂತಿದ್ದವು. ಒಂದನ್ನು ಎಳೆದುಕೊಂಡು ನಾದಿನಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ಎಲ್ಲಿ, ಆ ಅನ್ನು ಜಾಣಮರಿ. ಇನ್ನೊಂದು ಗುಟುಕು. ಹಾಂ, ಹಾಗೆ!"

ಅರೆಪ್ರಜ್ಞೆಯಲ್ಲಿದ್ದ ರೆನಾಟಾ ಮೂರು ವರ್ಷದ ಕೂಸಿನಂತೆ ಗಟಗಟ ಕುಡಿದಳು.

ಅಷ್ಟರಲ್ಲಿ ಹೊರಗೆ ಕಾರು ಸಜ್ಜು ಮಾಡುತ್ತಿದ್ದ ಲಿಯಾಂಡ್ರೊ ಮತ್ತು ಕೋಚ್ ಒಳಬಂದರು, ಹಿಂದೆಯೇ ಟವೆಲಿನ ರಾಶಿ ಹೊತ್ತ ಅತ್ತೆ. ಲಿಯಾಂಡ್ರೊನ ಕಣ್ಣು ಬಾಟಲಿಯ ಮೇಲೆ ಬಿತ್ತು.

"ಏನ್ ಮಾಡ್ದೆ ಡೆಲ್ಫಿ?"

"ಜೀವ ಉಳಿಸ್ದೆ! ನೀವೆಲ್ಲ ಎಲ್ಲಿ ಹಾಳಾಗಿ ಹೋಗಿದ್ರಿ?"

"ಎಷ್ಟು ಕುಡಿಸ್ದೆ?"

"ಪೂರ್ತಿ ಅರ್ಧ ಲೀಟರ್!" ಎಂದಳು ವಿಜಯದ ನಗೆಯಿಂದ.

ಕೋಚ್ ಕುರ್ಚಿಯ ಮೇಲೆ ಕುಸಿದರು. ಹದಿನಾಲ್ಕು ವರ್ಷದ ನಿಷೇಧ ಅಲ್ಲೇ ಮುರಿದುಬಿತ್ತು; ಏಕೆಂದರೆ ಈಗ ವಿವರಿಸದೆ ಬೇರೆ ದಾರಿಯಿರಲಿಲ್ಲ. ಪಂದ್ಯದ ಹಿಂದಿನ ದಿನ ತೂಕ ನೋಡುತ್ತಾರೆ. ನೂರ ಹದಿನಾರು ಪೌಂಡ್ ಮೀರಿದರೆ ಪಂದ್ಯವಿಲ್ಲ. ಅದಕ್ಕೇ ಪಟುಗಳು ಬಿಸಿನೀರಿನಲ್ಲಿ ಮುಳುಗಿ, ಕಂಬಳಿ ಹೊದ್ದು, ಬೆವರು ಹರಿಸಿ ಮೈಯ ನೀರನ್ನು ಹಿಂಡಿ ತೆಗೆಯುತ್ತಾರೆ. ಎರಡು ದಿನ ಒಣಗಿ ಆಗತಾನೇ ನೂರ ಹದಿನಾರಕ್ಕೆ ಇಳಿದಿದ್ದ ರೆನಾಟಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ನೂರ ಹದಿನೇಳು!

"ಮಧ್ಯಾಹ್ನ ಒಂದಕ್ಕೆ ತೂಕ. ಆ ಕಡೆಯವರು ಒಂದು ಗುಲಗಂಜಿನೂ ಬಿಡಲ್ಲ," ಎಂದರು ಕೋಚ್.

ರೆನಾಟಾ ಕಣ್ಣು ತೆರೆಯದೆ, "ದ್ರಾಕ್ಷಿ ರುಚೀದು. ಚೆನ್ನಾಗಿತ್ತು," ಎಂದಳು.

ಅತ್ತೆ ಸೊಸೆಯ ಮುಖ ನೋಡಿದರು. "ಬೇಕೂಂತಲೇ ಮಾಡಿದ್ಯಾ?"

ಈ ಸಲ ಮೀಹಾ ಇಲ್ಲ. ಖಾರವೂ ಇಲ್ಲ. ಡೆಲ್ಫಿನಾ ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದಳು. ಏಕೆಂದರೆ ಹೋದ ಭಾನುವಾರ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಹೇಗಾದರೂ ಈ ಪಂದ್ಯ ನಿಲ್ಲಿಸಪ್ಪಾ ಎಂದು ಅವಳು ಬೇಡಿಕೊಂಡಿದ್ದು ನಿಜ! ಆದರೆ ದೇವರು ಆ ಕೆಲಸವನ್ನು ತನ್ನ ಕೈಯಲ್ಲೇ ಮಾಡಿಸುತ್ತಾನೆಂದು ಯಾರಿಗೆ ಗೊತ್ತಿತ್ತು? ಜೀವಮಾನವಿಡೀ ಈ ಮನೆತನ ಅವಳನ್ನು ಬಾಟಲಿಯವಳು ಎಂದೇ ನೆನೆಯುತ್ತದೆ!

"ಪಂದ್ಯ ನಡೆದೇ ತೀರಬೇಕು!" ಎಂದು ಅವಳು ಕಿರುಚಿದಳು. ಕಿರುಚಿದ್ದು ತಾನೇ ಎಂದು ಅವಳಿಗೂ ನಂಬಿಕೆಯಾಗಲಿಲ್ಲ. "ಕಾರು ತೆಗಿ ಲಿಯಾಂಡ್ರೊ! ಕಿಟಕಿ ಏರಿಸು, ಹೀಟರ್ ಹಾಕು!"

ಜುಲೈ ಬಿಸಿಲು. ತೂಕವೂ ಪಂದ್ಯವೂ ನಡೆಯುವ ಕ್ಯಾಸಿನೊ ಎಂಬ ಜೂಜಿನ ಅರಮನೆ ಊರಾಚೆ ಒಂದು ಗಂಟೆಯ ದಾರಿ. ಒಳಗೆ ಹೀಟರ್ ಬುಸುಗುಡುತ್ತಿತ್ತು. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟ ರೆನಾಟಾ. ಪ್ರಾಯಶ್ಚಿತ್ತಕ್ಕೆಂದು ಅವಳ ಪಕ್ಕದಲ್ಲೇ ಉಣ್ಣೆಯ ಸ್ವೆಟರ್ ತೊಟ್ಟ ಡೆಲ್ಫಿನಾ. ಮುಂದೆ ಲಿಯಾಂಡ್ರೊ ಇಡ್ಲಿಯಂತೆ ಬೇಯುತ್ತಿದ್ದ.

"ಹೊಡೆದಾಟಕ್ಕಿಂತ ಈ ಒಣಗಿಸೋದೇ ಘೋರ," ಎಂದಳು ಡೆಲ್ಫಿನಾ. "ನನ್ನ ಅಭಿಪ್ರಾಯ ನೂರು ಪಾಲು ಸರಿ."

"ಇದರಲ್ಲಿ ಸರಿ, ಅತ್ತಿಗೆ. ಮುಂದಿನ ಸಲ ಮೇಲಿನ ತೂಕದ ವರ್ಗಕ್ಕೇ ಹೋಗ್ತೀನಿ. ಹೊಟ್ಟೆ ತುಂಬ ತಿಂದು ಹೊಡೀತೀನಿ."

"ಹೊಡೆಯೋದು ಯಾಕೆ ಅಂತ ನಾನು ಕೇಳ್ತಿರೋದು!"

ರೆನಾಟಾ ಬೆವರು ಒರೆಸಿಕೊಂಡಳು. "ಪಂಜರದ ಬಾಗಿಲು ಮುಚ್ಚಿತು ಅಂದ್ರೆ ತಲೆಯೊಳಗೆ ಒಂದು ಚಿಂತೆನೂ ಇರಲ್ಲ. ಎದುರಿಗಿರೋ ಒಬ್ಬಳು ಬಿಟ್ರೆ ಲೋಕದಲ್ಲಿ ಇನ್ನೇನೂ ಇಲ್ಲ. ನಿಂಗೆ ಯಾವತ್ತಾದ್ರೂ ಹಾಗಾಗಿದೆಯಾ?"

ಡೆಲ್ಫಿನಾ ಯೋಚಿಸಿದಳು. ಚಿಂತೆಯಿಲ್ಲದ ಒಂದು ನಿಮಿಷ? ಮಗು ಹುಟ್ಟಿದ ಮೇಲೆ ಒಂದೂ ಸಿಗಲಿಲ್ಲ. ಆ ಸೆಕೆಯಲ್ಲಿ, ಮೊದಲ ಬಾರಿಗೆ, ಅವಳಿಗೆ ನಾದಿನಿಯ ಮೇಲೆ ಹೊಟ್ಟೆಕಿಚ್ಚಾಯಿತು. ರೆನಾಟಾಳ ಬೆನ್ನನ್ನು ಟವೆಲಿನಿಂದ ತಿಕ್ಕಿ ತಿಕ್ಕಿ ಬೆವರಿಳಿಸಿದಳು.

ಒಂದು ಗಂಟೆಗೆ ಸರಿಯಾಗಿ ರೆನಾಟಾ ಕಿವಿಯ ಓಲೆಯನ್ನೂ ಬಿಚ್ಚಿಟ್ಟು ಯಂತ್ರ ಏರಿದಳು. ಡೆಲ್ಫಿನಾ ಉಸಿರು ಬಿಗಿಹಿಡಿದಳು, ತನ್ನ ಉಸಿರೂ ತೂಕಕ್ಕೆ ಸೇರೀತು ಎಂಬಂತೆ.

"ನೂರ ಹದಿನಾರು!"

ಸಭಾಂಗಣ ಚಪ್ಪಾಳೆ ತಟ್ಟಿತು. ಡೆಲ್ಫಿನಾ ಚೀಲದಿಂದ ಹೊಸ ಬಾಟಲಿ ತೆಗೆದು, ತೂಕದ ಅಧಿಕಾರಿಯ ಮುಂದೆ ಹಿಡಿದು ಕೇಳಿದಳು. "ಸಾರ್, ಈಗ ಕುಡಿಸಬಹುದಾ?"

ಶನಿವಾರ ಸಂಜೆ ಏಳು. ನೋಯೆಲಿಯಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಡೆಲ್ಫಿನಾ ಮೂರನೇ ಸಾಲಿನಲ್ಲಿ ಕೂತಳು, ಒಂದು ಕಡೆ ಗಂಡ, ಇನ್ನೊಂದು ಕಡೆ ಅತ್ತೆ.

"ಬಂದಿದೀನಿ ಅಷ್ಟೆ. ನೋಡಲ್ಲ," ಎಂದು ಮೊದಲೇ ಘೋಷಿಸಿದಳು. "ಎಷ್ಟು ಹೊತ್ತು ಇದು?"

"ಐದೈದು ನಿಮಿಷದ ಮೂರು ಸುತ್ತು," ಎಂದ ಲಿಯಾಂಡ್ರೊ.

ಗಂಟೆ ಬಡಿಯಿತು. ಡೆಲ್ಫಿನಾ ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ನೂರರವರೆಗೆ ಎಣಿಸುವುದು, ಆಮೇಲೆ ಒಂದು ಬೆರಳು ಸರಿಸುವುದು, ಅಭ್ಯಾಸವಾದ ಮೇಲೆ ಎರಡನೆಯದು. ಹತ್ತು, ಹನ್ನೊಂದು... ಹದಿನೆಂಟು, ಹತ್ತೊಂಬತ್ತು...

ಸೂರು ಹಾರಿಹೋಗುವಂಥ ಗದ್ದಲ! ಕಣ್ಣು ಬಿಟ್ಟರೆ ರೆನಾಟಾ ಪಂಜರದ ಜಾಲರಿ ಏರಿ ಕೂತಿದ್ದಾಳೆ, ಎರಡೂ ಕೈ ಮೇಲೆ. ಅವಳ ತೋಳಿನ ಹಿಡಿತಕ್ಕೆ ಸಿಕ್ಕಿ ಸೋಲೊಪ್ಪಿದ ಎದುರಾಳಿ ನೆಲದ ಮೇಲೆ ಕೂತು ಕುತ್ತಿಗೆ ಸವರಿಕೊಳ್ಳುತ್ತ ನಗುತ್ತಿದ್ದಾಳೆ. ಇಬ್ಬರಿಗೂ ಒಂದು ಗೀರೂ ಬಿದ್ದಿಲ್ಲ. ಹತ್ತೊಂಬತ್ತೇ ಸೆಕೆಂಡಿಗೆ ಪಂದ್ಯ ಮುಗಿದಿತ್ತು!

ಡೆಲ್ಫಿನಾ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಕಣ್ಣಲ್ಲಿ ನೀರು ತುಂಬಿತು. ಆ ಕೃತಜ್ಞತೆ ಸುಮಾರು ಮೂರು ಸೆಕೆಂಡು ಬಾಳಿತು.

"ಇಷ್ಟೇನಾ?" ಅವಳು ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. "ಕಾರೊಳಗೆ ಒಂದು ಗಂಟೆ ಬೆಂದಿದ್ದೀನಿ ನಾನು! ಹದಿನೈದು ನಿಮಿಷ ಅಂದಿದ್ರಿ! ಇನ್ನೂ ಹದಿನಾಲ್ಕು ನಿಮಿಷ ನಲವತ್ತೊಂದು ಸೆಕೆಂಡು ಬಾಕಿ ಇದೆ! ಎಬ್ಬಿಸ್ರೀ ಅವಳನ್ನ! ಮೊದಲಿಂದ ಹೊಡೆದಾಡಿಸಿ!"

ಲಿಯಾಂಡ್ರೊ ಅವಳ ಅಂಗಿ ಹಿಡಿದು ಜಗ್ಗಿದ. ಅತ್ತೆ ತಮಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲವೆಂಬಂತೆ ಬೇರೆ ಕಡೆ ತಿರುಗಿದರು. ಮುಂದಿನ ಸಾಲಿನಲ್ಲಿ ಕುತ್ತಿಗೆಯ ತುಂಬ ಹಚ್ಚೆ, ಮುರಿದ ಮೂಗು, ಬಾಗಿಲಗಲದ ಬೆನ್ನು ಇದ್ದ ಒಬ್ಬ ದೈತ್ಯ ನಿಧಾನವಾಗಿ ಹಿಂದೆ ತಿರುಗಿ, ಕೈ ಜೋಡಿಸಿ, ಬಹಳ ಮೆತ್ತಗೆ ಹೇಳಿದ:

"ಸ್ವಲ್ಪ ಕರುಣೆ ಇರಲಿ, ತಂಗೀ. ಆ ಹುಡುಗಿನೂ ಒಬ್ಬ ತಾಯಿಯ ಮಗಳೇ ಅಲ್ವಾ?"